ಬಿತ್ತದೆ ಬರುವ ಗೌರಿ ಹೂವು: ಕೈತೋಟದ ಪ್ರಶ್ನೋತ್ತರ

ಕಳೆದ ತಿಂಗಳು ಗೌರಿ ಹೂವಿನ ಬಗ್ಗೆ ಎರಡೇ ಸಾಲು ಬರೆದಿದ್ದೆ. ‘ಒಂದು ಸಲ ಅಂಗಳಕ್ಕೆ ಬಂದರೆ ಸಾಕು, ಆಮೇಲೆ ಪ್ರತಿ ವರ್ಷ ತಾನೇ ಬರುತ್ತದೆ’ ಅಂತ. ಅದಕ್ಕೆ ಬಂದ ಪತ್ರಗಳನ್ನು ಓದಿದ ಮೇಲೆ, ಬೆಂಗಳೂರಿನಲ್ಲಿ ಅದು ತಾನೇ ಬಂದದ್ದಕ್ಕಿಂತ ಬಾರದೆ ಹೋದದ್ದೇ ಜಾಸ್ತಿ ಅನ್ನಿಸುತ್ತಿದೆ. ಹಾಗಾಗಿ ಈ ಸಲ ಗುಲಾಬಿ, ದಾಸವಾಳದ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಇದೊಂದನ್ನೇ ಮುಗಿಸೋಣ.

ಪ್ರಶ್ನೆ: ಅಕ್ಕಾ, ನೀವು ಬರೆದದ್ದು ಓದಿ ನಗು ಬಂತು. ನನ್ನ ತವರು ತಿಪಟೂರಿನ ಹತ್ತಿರದ ಹಳ್ಳಿ. ಅಲ್ಲಿ ಬಚ್ಚಲ ಹಿಂದೆ ಗೌರಿ ಹೂವು ಯಾರೂ ಬಿತ್ತದೆ ವರ್ಷ ವರ್ಷ ಬರ್ತಿತ್ತು. ಇಲ್ಲಿ ಎರಡು ವರ್ಷ ಪ್ಯಾಕೆಟ್ ಬೀಜ ತಂದು ಹಾಕಿದೆ. ಹೂ ಚೆನ್ನಾಗೇ ಬಂತು. ಮುಂದಿನ ಮಳೆಗೆ ಒಂದು ಸಸಿಯೂ ಹುಟ್ಟಲಿಲ್ಲ. ಮಣ್ಣಿನ ದೋಷವಾ, ಬೀಜದ ದೋಷವಾ?
(ಬನಶಂಕರಿಯ ಓದುಗರು)

ಉತ್ತರ: ಎರಡೂ ಅಲ್ಲ. ದೋಷ ಪೊರಕೆಯದು.

ಬೇಜಾರು ಮಾಡಿಕೊಳ್ಳಬೇಡಿ. ತವರಿನ ಬಚ್ಚಲ ಹಿಂದಿನ ಜಾಗವನ್ನು ಒಮ್ಮೆ ನೆನಪಿಸಿಕೊಳ್ಳಿ. ಅಲ್ಲಿ ಯಾರು ಗುಡಿಸುತ್ತಿದ್ದರು? ಮುಂದಿನ ಅಂಗಳ ದಿನಾ ಸಾರಿಸಿ ರಂಗೋಲಿ ಹಾಕಿಸಿಕೊಳ್ಳುತ್ತಿತ್ತೇ ಹೊರತು ಬಚ್ಚಲ ಹಿಂದಕ್ಕೆ ಪೊರಕೆ ಹಿಡಿದು ಹೋಗುವವರು ಯಾರೂ ಇರಲಿಲ್ಲ, ಅಲ್ವಾ? ಅಲ್ಲಿ ನೀರು ತಾನೇ ಹರಿಯುತ್ತಿತ್ತು, ನೆಲ ಮೆತ್ತಗಿರುತ್ತಿತ್ತು, ಗಿಡ ಹೂ ಬಿಟ್ಟು, ಕಾಯಿ ಕಟ್ಟಿ, ಬೀಜ ಸಿಡಿಸಿ, ನಿಂತಲ್ಲೇ ಒಣಗಿ, ಬಿದ್ದಲ್ಲೇ ಗೊಬ್ಬರವಾಗುತ್ತಿತ್ತು. ಇಲ್ಲಿ ನಾವು ಮಾಡುವುದೇನು? ಹಬ್ಬ ಮುಗಿದು ತಿಂಗಳಾಗುವಷ್ಟರಲ್ಲಿ ಗಿಡ ಸೊರಗುತ್ತದೆ. ಕೆಳಗಿನ ಎಲೆ ಹಳದಿಯಾಗುತ್ತದೆ. ಬೂದಿ ರೋಗ ಬಂದು ಎಲೆ ಮೇಲೆ ಹಿಟ್ಟು ಚೆಲ್ಲಿದ ಹಾಗಾಗುತ್ತದೆ. ನೋಡಲು ಚೆನ್ನಾಗಿರುವುದಿಲ್ಲ, ಒಪ್ಪಿದೆ. ದೀಪಾವಳಿಗೆ ಮನೆ ಸ್ವಚ್ಛ ಮಾಡುವ ಭರದಲ್ಲಿ ಕಿತ್ತು ಬಿಸಾಡುತ್ತೇವೆ. ಕಾಯಿ ಬಲಿಯುವುದು ಸರಿಯಾಗಿ ಅದೇ ಹೊತ್ತಿಗೆ. ಮುಂದಿನ ವರ್ಷದ ಗಿಡಗಳೆಲ್ಲ ಕಸದ ಗಾಡಿ ಹತ್ತಿ ಹೋಗುತ್ತವೆ.

ಇದು ಮೊದಲನೇ ತಪ್ಪು. ಎರಡನೆಯದು ಅಗೆತ. ಬೇಸಿಗೆಯಲ್ಲಿ ಪಾತಿಗೆ ಹೊಸ ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ ತರಿಸಿ, ಗುದ್ದಲಿ ಹಾಕಿ ಬುಡಮೇಲು ಮಾಡಿಸುತ್ತೇವೆ. ಗುಲಾಬಿಗೆ ಅದು ಸರಿ. ಗೌರಿ ಹೂವಿನ ಬೀಜ ಸಾಸಿವೆಗಿಂತ ಸ್ವಲ್ಪ ದಪ್ಪ ಅಷ್ಟೆ, ಮಣ್ಣಿನ ಮೇಲ್ಪದರದಲ್ಲೇ ಇರಬೇಕು. ಅರ್ಧ ಅಡಿ ಕೆಳಗೆ ಹೋದ ಬೀಜ ಮೇಲೆ ಬರುವಷ್ಟು ಶಕ್ತಿ ಇಟ್ಟುಕೊಂಡಿರುವುದಿಲ್ಲ. ಮೂರನೆಯದು ಈಗಿನ ಹೊಸ ಚಾಳಿ, ನೆಲ ಕಾಣದ ಹಾಗೆ ತೆಂಗಿನ ನಾರು, ಒಣಎಲೆ ದಪ್ಪಕ್ಕೆ ಹೊದಿಸುವುದು. ತೇವ ಉಳಿಯುತ್ತದೆ, ಕಳೆ ಬರುವುದಿಲ್ಲ, ಒಳ್ಳೆಯದೇ. ಆದರೆ ಕಳೆಯನ್ನು ತಡೆಯುವ ಹೊದಿಕೆ ಇದನ್ನೂ ತಡೆಯುತ್ತದೆ. ಗೌರಿ ಹೂವಿಗೆ ಅಂತ ಎರಡು ಅಡಿ ಬರಿ ಮಣ್ಣು ಬಿಡಿ, ಸಾಕು.

ನಾಲ್ಕನೆಯದು ನನ್ನ ಮನೆಯಲ್ಲೇ ಆದದ್ದು. ಕಾಂಪೌಂಡ್ ಪಕ್ಕ ಐದಡಿ ಎಂಟಡಿಯ ಒಂದು ಪಾತಿ ಇದೆ. ಒಂದು ಸಲ ಮೇ ತಿಂಗಳಲ್ಲಿ ಎರಡು ಒಳ್ಳೆ ಮಳೆ ಬಿದ್ದು ಪಾತಿ ತುಂಬ ಪುಟ್ಟ ಸಸಿಗಳು ಎದ್ದಿದ್ದವು. ಮೂರು ದಿನ ಮದುವೆಗೆ ಅಂತ ಊರಿಗೆ ಹೋದೆ. ತೋಟದ ಕೆಲಸಕ್ಕೆ ಬರುವವರಿಗೆ ‘ಸ್ವಲ್ಪ ನೋಡ್ಕೊಳ್ಳಿ’ ಅಂದಿದ್ದೆ. ಅವರು ನೋಡಿಕೊಂಡರು. ಬಂದು ನೋಡಿದರೆ ನೆಲ ಕನ್ನಡಿಯ ಹಾಗೆ! ‘ಎಲ್ಲ ಕಳೆ ತೆಗೆದು ಚೊಕ್ಕ ಮಾಡಿದೀನಿ ಅಮ್ಮ’ ಅಂತ ಹೆಮ್ಮೆಯಿಂದ ಹೇಳಿದರು. ಏನು ಹೇಳಲಿ? ಕಾಫಿ ಕೊಟ್ಟು ಕಳಿಸಿದೆ. ಆ ವರ್ಷ ಹಬ್ಬಕ್ಕೆ ಮಾರ್ಕೆಟ್ ಹೂವೇ ಗತಿಯಾಯಿತು. ಆದರೆ ಸೆಪ್ಟೆಂಬರಿನಲ್ಲಿ ಸಂಪಿನ ಮುಚ್ಚಳದ ಪಕ್ಕದ ಬಿರುಕಿನಲ್ಲಿ ಒಂದೇ ಒಂದು ಗಿಡ ಎದ್ದು, ನಾಲ್ಕು ಕೊಂಬೆ ಒಡೆದು, ಕಡು ಗುಲಾಬಿ ಹೂ ಬಿಟ್ಟಿತು. ಅದರ ಸುತ್ತ ಇಟ್ಟಿಗೆ ಇಟ್ಟು ಕಾಯ್ದೆ. ಅದೊಂದರ ಬೀಜದಿಂದ ಎರಡು ವರ್ಷದಲ್ಲಿ ಪಾತಿ ಮತ್ತೆ ತುಂಬಿತು. ಅದಕ್ಕೇ ಈಗ ನಮ್ಮ ಪಾತಿಯಲ್ಲಿ ಕಡು ಗುಲಾಬಿ ಬಿಟ್ಟರೆ ಬೇರೆ ಬಣ್ಣವೇ ಇಲ್ಲ.

ಆದ್ದರಿಂದ ಸಸಿ ಗುರುತು ಹಿಡಿಯುವುದನ್ನು ಕಲಿಯಿರಿ. ಕೆಲಸ ಮಾಡುವವರಿಗೂ ತೋರಿಸಿ. ಮೊದಲು ಬರುವ ಎರಡು ಎಲೆ ದುಂಡಗೆ, ದಪ್ಪಗೆ ಇರುತ್ತವೆ. ದಂಟು ನೀರು ತುಂಬಿದ ಹಾಗೆ, ಬೆಳಕಿಗೆ ಹಿಡಿದರೆ ಒಳಗೆ ಕಾಣುವಷ್ಟು ತಿಳಿ. ಉಗುರಿನಲ್ಲಿ ಒತ್ತಿದರೆ ಚಟಕ್ಕನೆ ಮುರಿಯುತ್ತದೆ (ಒತ್ತಿ ನೋಡಬೇಡಿ). ಆಮೇಲೆ ಬರುವ ಎಲೆ ಉದ್ದ, ಅಂಚಿಗೆ ಗರಗಸದ ಹಲ್ಲು. ಇನ್ನೊಂದು ಮಜಾ ಇದೆ. ದಂಟಿನ ಬಣ್ಣ ನೋಡಿ ಹೂವಿನ ಬಣ್ಣ ಮೊದಲೇ ಹೇಳಬಹುದು. ಪೂರ್ತಿ ಹಸಿರು ದಂಟಾದರೆ ಬಿಳಿ ಹೂ ಬರುವ ಸಾಧ್ಯತೆ ಹೆಚ್ಚು. ದಂಟಿನಲ್ಲಿ ಕೆಂಪು ಛಾಯೆ ಇದ್ದರೆ ಗುಲಾಬಿ, ಕೆಂಪು, ನೇರಳೆ. ನಮ್ಮಮ್ಮ ಪೂಜೆಗೆ ಬಿಳಿ ಬೇಕು ಅಂತ ಇದೇ ಲೆಕ್ಕದಲ್ಲಿ ಆರಿಸುತ್ತಿದ್ದರು.

ಈಗ ಕಾಲದ ಲೆಕ್ಕ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಅನ್ನುತ್ತಾರಲ್ಲ, ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ಆ ಮಳೆಯೇ ಬೀಜಗಳನ್ನು ಎಬ್ಬಿಸುವುದು. ಕೃತ್ತಿಕೆ, ರೋಹಿಣಿಯೂ ಸುರಿದರೆ ಸರಿ, ನೀವು ಏನೂ ಮಾಡಬೇಕಿಲ್ಲ. ಮಧ್ಯೆ ಹದಿನೈದು ದಿನ ಬಿಸಿಲು ಹೊಡೆದರೆ ಮಾತ್ರ ಎದ್ದ ಸಸಿ ಬಾಡಿ ಹೋಗುತ್ತದೆ. ಆಗ ಸಂಜೆ ಒಂದೆರಡು ಚೊಂಬು ನೀರನ್ನು ಕೈಯಲ್ಲಿ ಚಿಮುಕಿಸಿ. ಪೈಪ್ ಹಿಡಿಯಬೇಡಿ, ಮಣ್ಣಿನ ಜೊತೆ ಬೀಜವೂ ಮೋರಿಗೆ ಹೋಗುತ್ತದೆ. ಸಸಿಗೆ ನಾಲ್ಕು ಎಲೆ ಬಂದಾಗ ಒತ್ತಾಗಿರುವಲ್ಲಿಂದ ಕೆಲವನ್ನು ಮಣ್ಣಿನ ಸಮೇತ ಎತ್ತಿ, ಒಂದು ಗೇಣು ಅಂತರದಲ್ಲಿ ನೆಡಿ. ಸಂಜೆ ಹೊತ್ತೇ ಆಗಬೇಕು. ಮಧ್ಯಾಹ್ನ ನೆಟ್ಟರೆ ತಲೆ ಬಗ್ಗಿಸಿಬಿಡುತ್ತದೆ, ಮತ್ತೆ ಎತ್ತುವುದು ಕಷ್ಟ.

ಬಿತ್ತನೆಯಿಂದ ಹೂವಿಗೆ ಎಂಟರಿಂದ ಹತ್ತು ವಾರ ಬೇಕು. ಹಬ್ಬಕ್ಕೇ ಹೂ ಬೇಕು ಅನ್ನುವವರು ಪಂಚಾಂಗದಲ್ಲಿ ಭಾದ್ರಪದದ ತದಿಗೆ ಯಾವತ್ತು ಅಂತ ನೋಡಿ, ಅಲ್ಲಿಂದ ಹತ್ತು ವಾರ ಹಿಂದಕ್ಕೆ ಎಣಿಸಿ ಬಿತ್ತಿ. ಹಬ್ಬ ಆಗಸ್ಟ್ ಕೊನೆಗೆ ಬಿದ್ದರೆ ಜೂನ್ ಮಧ್ಯಕ್ಕೆ, ಸೆಪ್ಟೆಂಬರ್ ಮಧ್ಯಕ್ಕೆ ಬಿದ್ದರೆ ಜುಲೈ ಮೊದಲ ವಾರಕ್ಕೆ. ಭೂಮಿ ತಾನೇ ಎಬ್ಬಿಸಿದ ಗಿಡಗಳು ಅಷ್ಟು ಹೊತ್ತಿಗೆ ದೊಡ್ಡವಾಗಿ ಹೂವಿನಲ್ಲೇ ಇರುತ್ತವೆ.

ಮತ್ತೆ ಈ ವರ್ಷ ಎಲ್ಲ ಗಿಡ ಕಿತ್ತರೂ ಎರಡನ್ನು ಮಾತ್ರ ಬಿಡಿ. ನೆಂಟರು ಬಂದು ‘ಇದ್ಯಾಕೆ ಹೀಗೆ ಒಣಗಿದೆ’ ಅಂದರೆ ಬೀಜಕ್ಕೆ ಬಿಟ್ಟಿದ್ದು ಅನ್ನಿ. ಸೌತೆಕಾಯಿಗೆ, ಹೀರೇಕಾಯಿಗೆ ಹೇಳುತ್ತೇವಲ್ಲ, ಹಾಗೆ.

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ. ನಮ್ಮಲ್ಲಿ ಗೌರಿ ಹೂವು ಅಂದರೆ ಬೇಲಿ ಮೇಲೆ ಹಬ್ಬುವ, ಬೆಂಕಿ ಬಣ್ಣದ ಹೂವು. ನೀವು ಹೇಳುತ್ತಿರುವುದು ಯಾವುದು?
(ಮಲ್ಲೇಶ್ವರದ ಓದುಗರು)

ಉತ್ತರ: ಒಳ್ಳೆಯದಾಯಿತು ಕೇಳಿದ್ದು, ನಾನೇ ಮೊದಲು ಹೇಳಬೇಕಿತ್ತು. ನಿಮ್ಮ ಕಡೆಯ ಗೌರಿ ಹೂವಿಗೆ ಅಗ್ನಿಶಿಖೆ ಅಂತಲೂ ಹೆಸರು. ಎಲೆಯ ತುದಿಯನ್ನೇ ಬಳ್ಳಿಯ ಹಾಗೆ ಸುತ್ತಿಕೊಂಡು ಮೇಲೆ ಹತ್ತುತ್ತದೆ, ನೆಲದೊಳಗೆ ಗಡ್ಡೆ ಇರುತ್ತದೆ. ಅದು ವಿಷದ ಗಿಡ. ಎಲ್ಲ ಭಾಗದಲ್ಲೂ ಕೊಲ್ಚಿಸಿನ್ ಎಂಬ ವಿಷ ಇದೆ, ಗಡ್ಡೆಯಲ್ಲಂತೂ ಪ್ರಾಣ ತೆಗೆಯುವಷ್ಟು. ಚಿಕ್ಕ ಮಕ್ಕಳಿರುವ ಮನೆಗೆ ಬೇಡ.

ನಾನು ಹೇಳುತ್ತಿರುವುದು ಮೊಣಕಾಲಿನಷ್ಟೆತ್ತರ, ಹೆಚ್ಚೆಂದರೆ ತೊಡೆಯೆತ್ತರ ಬೆಳೆಯುವ, ದಪ್ಪ ದಂಟಿನ ಗಿಡ. ಕರ್ಣಕುಂಡಲ ಅಂತಲೂ ಕರೆಯುತ್ತಾರೆ. ಹೂವಿನ ಹಿಂದೆ ಸಣ್ಣ ಕೊಂಡಿಯ ಹಾಗೆ ಒಂದು ಬಾಲ ಬಾಗಿರುತ್ತದೆ, ಕಿವಿಗೆ ಸಿಕ್ಕಿಸಿದರೆ ಓಲೆಯೇ. ನರ್ಸರಿಯಲ್ಲಿ ಬಾಲ್ಸಮ್ ಅಂತ ಕೇಳಿ. ಟಚ್ ಮಿ ನಾಟ್ ಅಂತ ಕೇಳಿದರೆ ಮುಟ್ಟಿದರೆ ಮುನಿ ಕೊಟ್ಟು ಕಳಿಸಿಯಾರು. ಅದೂ ಇದೂ ಎರಡಕ್ಕೂ ಇಂಗ್ಲಿಷಿನಲ್ಲಿ ಆ ಹೆಸರಿದೆ, ಗಿಡಗಳಿಗೆ ಮಾತ್ರ ಯಾವ ಸಂಬಂಧವೂ ಇಲ್ಲ.

ಅಂದ ಹಾಗೆ ನಿಮ್ಮ ಮಲೆನಾಡೇ ಇದರ ಬಳಗದ ಮನೆ. ಪಶ್ಚಿಮ ಘಟ್ಟದಲ್ಲಿ ಇದೇ ಕುಲದ ನೂರಕ್ಕೂ ಹೆಚ್ಚು ಜಾತಿಗಳಿವೆ, ಎಷ್ಟೋ ಅಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಮಳೆಗಾಲದಲ್ಲಿ ಆಗುಂಬೆ, ಚಾರ್ಮಾಡಿ ದಾರಿಯ ಒದ್ದೆ ಬಂಡೆಗಳ ಮೇಲೆ ಕಾಣುವ ಪುಟ್ಟ ಗುಲಾಬಿ ಹೂಗಳಲ್ಲಿ ಅನೇಕ ಇದರ ನೆಂಟರೇ. ದಯವಿಟ್ಟು ಅವನ್ನು ಕಿತ್ತು ಬೆಂಗಳೂರಿಗೆ ತರಬೇಡಿ. ಇಲ್ಲಿ ಬದುಕುವುದಿಲ್ಲ, ಅಲ್ಲಿ ಕಡಿಮೆಯಾಗುತ್ತವೆ.

ಪ್ರಶ್ನೆ: ಆಂಟಿ, ನಾನು 6ನೇ ಕ್ಲಾಸ್. ಗೌರಿ ಹೂವಿನ ಕಾಯಿ ಮುಟ್ಟಿದರೆ ಯಾಕೆ ಸಿಡಿಯುತ್ತೆ? ಒಣಗಿದ್ದಕ್ಕೆ ಸಿಡಿಯುತ್ತೆ ಅಂತ ನಮ್ಮಣ್ಣ ಹೇಳ್ತಾನೆ.
(ರಾಜಾಜಿನಗರದಿಂದ)

ಉತ್ತರ: ಪುಟ್ಟಿ, ಅಣ್ಣ ಹೇಳಿದ್ದು ಹೆಸರುಕಾಳಿನ ಕಾಯಿಗೆ ಸರಿ, ಹರಳು ಕಾಯಿಗೂ ಸರಿ. ಅವು ಬಿಸಿಲಿಗೆ ಒಣಗಿ ಪಟ್ಟನೆ ಒಡೆಯುತ್ತವೆ. ಇದು ಉಲ್ಟಾ. ಇದು ಹಸಿಯಾಗಿರುವಾಗಲೇ ಸಿಡಿಯುತ್ತದೆ. ಕಾಯಿಯ ಗೋಡೆ ಐದು ಹೋಳು ಸೇರಿ ಆಗಿದೆ. ಬಲಿಯುತ್ತಾ ಬಂದ ಹಾಗೆ ಆ ಹೋಳುಗಳು ನೀರು ಕುಡಿದು ಬಿಗಿಯಾಗುತ್ತವೆ, ಸುರುಳಿ ಸುತ್ತಿಕೊಳ್ಳಬೇಕು ಅಂತ ಒಳಗೊಳಗೇ ಎಳೆಯುತ್ತಿರುತ್ತವೆ. ಆದರೆ ಅಕ್ಕಪಕ್ಕದ ಹೋಳಿಗೆ ಅಂಟಿಕೊಂಡಿರುವುದರಿಂದ ಆಗುವುದಿಲ್ಲ. ಪೂರ್ತಿ ಹಣ್ಣಾದಾಗ ಆ ಅಂಟು ಸಡಿಲವಾಗಿರುತ್ತದೆ. ನಿನ್ನ ಬೆರಳೋ, ಒಂದು ಮಳೆಹನಿಯೋ ತಾಗಿದರೆ ಸಾಕು, ಐದೂ ಒಟ್ಟಿಗೆ ಬಿಟ್ಟುಕೊಂಡು ಒಳಕ್ಕೆ ಸುರುಳಿಯಾಗುತ್ತವೆ, ಬೀಜ ಹಾರಿ ಹೋಗುತ್ತದೆ. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ.

ಈ ಗಿಡಕ್ಕೆ 1753ರಲ್ಲಿ ಲಿನ್ನೇಯಸ್ ಎಂಬ ವಿಜ್ಞಾನಿ ಇಂಪೇಶಿಯನ್ಸ್ ಬಾಲ್ಸಮಿನಾ ಅಂತ ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಇಂಪೇಶಿಯನ್ಸ್ ಅಂದರೆ ತಾಳ್ಮೆ ಇಲ್ಲದ್ದು. ನೀನು ಒಂದು ಕೆಲಸ ಮಾಡು. ತಾರಸಿಯಲ್ಲಿ ಹಳೆ ಬಿಳಿ ಪಂಚೆ ಹಾಸಿ, ಮಧ್ಯೆ ಕುಂಡ ಇಟ್ಟು, ದಪ್ಪಗಾಗಿ ಹಳದಿಗೆ ತಿರುಗಿದ ಕಾಯಿ ಮುಟ್ಟು. ಬೀಜ ಎಷ್ಟು ದೂರ ಬಿತ್ತು ಅಂತ ಟೇಪಿನಲ್ಲಿ ಅಳೆದು ಬರೆದಿಡು. ಹತ್ತು ಕಾಯಿ ಆದ ಮೇಲೆ ನನಗೆ ಬರಿ. ಹಸಿರು ಕಾಯಿಯನ್ನು ಬಲವಂತವಾಗಿ ಹಿಸುಕಬೇಡ, ಒಳಗಿನ ಬಿಳಿ ಬೀಜ ಹುಟ್ಟುವುದಿಲ್ಲ.

ಪ್ರಶ್ನೆ: ಯಲಹಂಕದಲ್ಲಿ ಆರನೇ ಮಹಡಿ. ಬಾಲ್ಕನಿಯ ಕುಂಡದಲ್ಲಿ ಗೌರಿ ಹೂವು ಬೆಳೆದೆ. ಈಗ ಕೆಳಗಿನ ಮನೆಯವರು ತಮ್ಮ ತುಳಸಿ ಕುಂಡದಲ್ಲಿ ನಮ್ಮ ಗಿಡ ಹುಟ್ಟಿದೆ ಅಂತ ಬಂದು ಹೇಳಿದರು. ಜಗಳಕ್ಕೆ ಬಂದರೋ, ಸುಮ್ನೆ ಹೇಳಿದರೋ ಗೊತ್ತಾಗಲಿಲ್ಲ. ಬೀಜ ಆಚೆ ಹೋಗದಂತೆ ಏನು ಮಾಡಲಿ?

ಉತ್ತರ: ಮೊದಲು ಅವರಿಗೆ ಹೂ ಬಿಡುವ ತನಕ ಕಾಯಿರಿ ಅಂತ ಹೇಳಿ. ಹೂ ನೋಡಿದ ಮೇಲೆ ಜಗಳ ಮಾಡಿದವರನ್ನು ನಾನು ಕಂಡಿಲ್ಲ.

ಬೀಜ ಹಿಡಿಯಲು ಸುಲಭ ದಾರಿ ಇದೆ. ಮದುವೆ, ಗೃಹಪ್ರವೇಶಗಳಲ್ಲಿ ತಾಂಬೂಲದ ಜೊತೆ ಸಣ್ಣ ನೆಟ್ ಚೀಲ ಕೊಡುತ್ತಾರಲ್ಲ, ದಾರ ಎಳೆದರೆ ಬಾಯಿ ಮುಚ್ಚುವಂಥದ್ದು, ಎಲ್ಲರ ಮನೆಯಲ್ಲೂ ಹತ್ತಿಪ್ಪತ್ತು ಬಿದ್ದಿರುತ್ತವೆ. ಕಾಯಿ ದಪ್ಪಗಾದ ಕೊಂಬೆಗೆ ಅದನ್ನು ಹಾಕಿ ಸಡಿಲವಾಗಿ ಕಟ್ಟಿ. ಸಿಡಿದರೂ ಬೀಜ ಅದರೊಳಗೇ. ಬಂದ ಬೀಜವನ್ನು ನೆರಳಿನಲ್ಲಿ ನಾಲ್ಕು ದಿನ ಒಣಗಿಸಿ ಕಾಗದದ ಪೊಟ್ಟಣದಲ್ಲಿಡಿ. ಪ್ಲಾಸ್ಟಿಕ್ ಬೇಡ, ಬೂಸು ಹಿಡಿಯುತ್ತದೆ. ಪೊಟ್ಟಣದ ಮೇಲೆ ಬಣ್ಣ, ತಿಂಗಳು ಬರೆಯಿರಿ. ಬರೆಯದಿದ್ದರೆ ಜೂನ್ ಬರುವ ಹೊತ್ತಿಗೆ ಅದು ಸಾಸಿವೆಯೋ ಇನ್ನೇನೋ ಅಂತ ಅಡುಗೆ ಮನೆಯಲ್ಲಿ ವಿಚಾರಣೆ ನಡೆಯುತ್ತದೆ.

ಬಾಲ್ಕನಿ ಪೂರ್ವಕ್ಕಿದ್ದರೆ ಬಹಳ ಒಳ್ಳೆಯದು. ಬೆಳಗಿನ ನಾಲ್ಕು ಗಂಟೆ ಬಿಸಿಲು ಸಾಕು, ಮಧ್ಯಾಹ್ನದ್ದು ಬೇಡ. ಹತ್ತು ಇಂಚಿನ ಕುಂಡಕ್ಕೆ ಎರಡೇ ಗಿಡ. ಆರನೇ ಮಹಡಿಯ ಗಾಳಿಗೆ ದಂಟು ಮುರಿಯುತ್ತದೆ, ಪಕ್ಕದಲ್ಲಿ ಕಡ್ಡಿ ನೆಟ್ಟು ಕಟ್ಟಿ. ತಳದಲ್ಲಿ ನೀರು ನಿಂತರೆ ಬುಡ ಕೊಳೆತು ಒಂದೇ ರಾತ್ರಿಯಲ್ಲಿ ಕುಸಿಯುತ್ತದೆ, ಆದ್ದರಿಂದ ತಟ್ಟೆಯ ನೀರು ಚೆಲ್ಲುತ್ತಿರಿ. ಗಿಡ ಒಣಗಿದ ಮೇಲೆ ಕುಂಡದ ಮಣ್ಣನ್ನು ಸುರಿದುಬಿಡಬೇಡಿ. ಹಾಗೇ ಮೂಲೆಗೆ ಇಟ್ಟು ಮೇ ತಿಂಗಳಲ್ಲಿ ಮಳೆಗೆ ಒಡ್ಡಿ. ಅರ್ಧ ಬೀಜ ಆ ಕುಂಡದಲ್ಲೇ ಬಿದ್ದಿರುತ್ತದೆ.

ಪ್ರಶ್ನೆ: ಕಿತ್ತಳೆ ಬಣ್ಣದ ಕಾಸ್ಮಾಸ್ ಕೂಡ ತಾನೇ ಹುಟ್ಟುತ್ತದೆ ಅಂತ ಬಿಟ್ಟಿದ್ದೆ. ನಮ್ಮ ಯಜಮಾನರು ಕಾಂಗ್ರೆಸ್ ಗಿಡ ಅಂದುಕೊಂಡು ಎಲ್ಲವನ್ನೂ ಕಿತ್ತರು. ಗುರುತು ಹೇಗೆ?
(ಕೆಂಗೇರಿ ಉಪನಗರದ ಓದುಗರು)

ಉತ್ತರ: ಪಾಪ, ಅವರನ್ನು ಬಯ್ಯಬೇಡಿ. ಕಾಂಗ್ರೆಸ್ ಗಿಡ ಅಂದರೆ ಪಾರ್ಥೇನಿಯಂ, ಮೈ ತುರಿಕೆ ತರುವಂಥದ್ದು, ಕಂಡ ಕೂಡಲೇ ಕೀಳುವ ಅಭ್ಯಾಸ ಒಳ್ಳೆಯದೇ. ಎರಡರ ಎಲೆಯೂ ಸೀಳು ಸೀಳು. ವ್ಯತ್ಯಾಸ ಇಷ್ಟು. ಪಾರ್ಥೇನಿಯಂ ಮರಿ ನೆಲಕ್ಕೆ ಅಂಟಿಕೊಂಡು ಚಕ್ರದ ಹಾಗೆ ಹರಡುತ್ತದೆ. ಕಾಸ್ಮಾಸ್ ಸಸಿ ಹುಟ್ಟಿದಾಗಿನಿಂದಲೇ ನೆಟ್ಟಗೆ ನಿಲ್ಲುತ್ತದೆ, ಎಲೆಗಳು ಎದುರುಬದುರಾಗಿ ಜೋಡಿ ಜೋಡಿಯಾಗಿ ಬರುತ್ತವೆ. ಪಾರ್ಥೇನಿಯಂನಲ್ಲಿ ಜೋಡಿ ಇಲ್ಲ, ಒಂದಾದ ಮೇಲೆ ಒಂದು.

ಆದರೆ ನನಗೆ ಕಾಸ್ಮಾಸ್ ಮೇಲೆ ಗೌರಿ ಹೂವಿನಷ್ಟು ಪ್ರೀತಿ ಇಲ್ಲ. ಅದು ಮೆಕ್ಸಿಕೋ ಕಡೆಯಿಂದ ಬಂದದ್ದು, ಸೊಗಸಾಗಿದೆ, ಚಿಟ್ಟೆಗಳೂ ಬರುತ್ತವೆ. ಆದರೆ ಬಿಟ್ಟರೆ ಬೀದಿಗೂ ಇಳಿಯುತ್ತದೆ. ಮನೆ ಪಾತಿಯಲ್ಲಿ ಇರಲಿ. ‘ಊರೆಲ್ಲ ಹೂವಾಗಲಿ’ ಅಂತ ಬೀಜದ ಉಂಡೆ ಕಟ್ಟಿ ಕೆರೆ ಏರಿ ಮೇಲೆ, ನಂದಿ ಬೆಟ್ಟದ ದಾರಿಯಲ್ಲಿ ಎಸೆಯುವ ಕೆಲಸ ಮಾತ್ರ ಬೇಡ. ಅಲ್ಲಿನ ಹುಲ್ಲು, ತುಂಬೆ, ವಿಷ್ಣುಕ್ರಾಂತಿಗಳ ಜಾಗ ಅದು.

ಪ್ರಶ್ನೆ: ಗಿಡದಲ್ಲಿ ಕಿರುಬೆರಳಿನಷ್ಟು ಉದ್ದದ ಕಪ್ಪು ಹುಳು. ಪಕ್ಕದಲ್ಲಿ ಕಣ್ಣಿನ ಹಾಗೆ ಹಳದಿ ಚುಕ್ಕೆಗಳು, ಬಾಲಕ್ಕೆ ಕೊಂಬು! ಎರಡು ದಿನದಲ್ಲಿ ಗಿಡ ಬೋಳು. ಯಾವ ಔಷಧಿ ಹೊಡೆಯಲಿ?
(ವಿಜಯನಗರದ ಓದುಗರು)

ಉತ್ತರ: ಯಾವುದೂ ಬೇಡ. ಅದು ಒಂದು ದೊಡ್ಡ ಪತಂಗದ ಮರಿ, ಸಂಜೆ ಹೊತ್ತು ಹೆಲಿಕಾಪ್ಟರ್ ಹಾಗೆ ಹೂವಿನ ಮುಂದೆ ನಿಂತು ಮಕರಂದ ಹೀರುವ ಜಾತಿ. ಕಚ್ಚುವುದಿಲ್ಲ, ಚುಚ್ಚುವುದೂ ಇಲ್ಲ, ಆ ಕೊಂಬು ಸುಮ್ನೆ ಹೆದರಿಸಲು. ಆದರೆ ಹಸಿವು ಜಾಸ್ತಿ. ಕಡ್ಡಿಯಿಂದ ಎತ್ತಿ ಗಿಡಗಳು ಒತ್ತಾಗಿರುವ ಕಡೆ ಬಿಡಿ, ಹೇಗೂ ತೆಳು ಮಾಡಬೇಕಾದ ಸಸಿಗಳನ್ನು ಅದಕ್ಕೇ ಬಿಟ್ಟುಬಿಡಿ. ನಾನು ವರ್ಷಕ್ಕೆ ಎರಡು ಗಿಡ ಅದರ ಪಾಲು ಅಂತ ಲೆಕ್ಕ ಇಟ್ಟಿದ್ದೇನೆ.

ನಿಜವಾದ ಶತ್ರು ಬೇರೆ ಇದೆ, ದೊಡ್ಡ ಚಿಪ್ಪಿನ ಆಫ್ರಿಕನ್ ಬಸವನಹುಳು. ಮಳೆ ಶುರುವಾದ ಮೇಲೆ ರಾತ್ರಿ ಬಂದು ಎಳೆ ಸಸಿಗಳನ್ನು ಸಾಲಾಗಿ ಮೇಯುತ್ತದೆ, ಬೆಳಿಗ್ಗೆ ಬೆಳ್ಳಗೆ ಲೋಳೆಯ ದಾರಿ ಮಾತ್ರ ಉಳಿದಿರುತ್ತದೆ. ರಾತ್ರಿ ಒಂಬತ್ತರ ಮೇಲೆ ಟಾರ್ಚ್ ಹಿಡಿದು, ಕೈಗೆ ಗ್ಲೌಸ್ ಹಾಕಿಕೊಂಡು ಹೆಕ್ಕಿ ಉಪ್ಪು ನೀರಿನ ಬಕೆಟ್ಟಿಗೆ ಹಾಕಿ. ಬರಿಗೈಯಲ್ಲಿ ಮುಟ್ಟಬೇಡಿ. ಪಾತಿಯ ಮೇಲೆ ಉಪ್ಪು ಚೆಲ್ಲಬೇಡಿ, ಮಣ್ಣು ಕೆಡುತ್ತದೆ. ಎಲೆಕೋಸಿನ ಹಳೆ ಎಲೆ ಅಲ್ಲಲ್ಲಿ ಇಟ್ಟರೆ ಅದರಡಿ ಸೇರಿಕೊಳ್ಳುತ್ತವೆ, ಹುಡುಕುವ ಕೆಲಸ ಕಡಿಮೆ.

ಪ್ರಶ್ನೆ: ನಮ್ಮದು ಬೋರ್‌ವೆಲ್ ನೀರೇ ನಂಬಿಕೊಂಡ ಬಡಾವಣೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್. ಇಂಥ ಕಡೆ ಹೂಗಿಡ ಬೆಳೆಸುವುದು ತಪ್ಪಲ್ವಾ?
(ಮಹದೇವಪುರದ ಓದುಗರು)

ಉತ್ತರ: ತಪ್ಪು ಅಂತ ನಿಮಗೆ ಅನ್ನಿಸಿದ್ದು ಸರಿ. 2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಅಂತ ಹೇಳಿತ್ತು. ಆ ಬೇಸಿಗೆಯಲ್ಲಿ ನನ್ನ ಗುಲಾಬಿಗಳಿಗೆ ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು ಹೊತ್ತು ಹೊತ್ತು ಸಾಕಾಗಿತ್ತು. ಗೌರಿ ಹೂವಿನ ಪಾತಿಗೆ ಒಂದು ತೊಟ್ಟೂ ಹಾಕಲಿಲ್ಲ. ಹಾಕುವುದು ಯಾತಕ್ಕೆ? ಅಲ್ಲಿ ಗಿಡವೇ ಇರಲಿಲ್ಲ! ಬೇಸಿಗೆಯ ಅಷ್ಟೂ ದಿನ ಅದು ಒಣ ಮಣ್ಣಿನಲ್ಲಿ ಬೀಜವಾಗಿ ಮಲಗಿರುತ್ತದೆ. ನಮ್ಮ ಊರಿನ ಮಳೆಯೋ, ಮೇಯಿಂದ ಅಕ್ಟೋಬರ್ ತನಕ ಹಂಚಿಕೊಂಡು ಬರುತ್ತದೆ, ಸೆಪ್ಟೆಂಬರ್ ಆಸುಪಾಸಿನಲ್ಲಿ ಜೋರು. ಗೌರಿ ಹೂವಿನ ಬಾಳೂ ಅಷ್ಟೇ ಉದ್ದ. ವರ್ಷವಿಡೀ ಹಸಿರಾಗಿರಬೇಕು ಅನ್ನುವ ಹುಲ್ಲುಹಾಸಿಗೆ, ಫರ್ನ್‌ಗಳಿಗೆ ನಾನು ನಿಮ್ಮಂಥ ಬಡಾವಣೆಯಲ್ಲಿ ಬೇಡ ಅಂತಲೇ ಹೇಳುತ್ತೇನೆ. ಇದಕ್ಕೆ ಹಾಗೆ ಹೇಳಲು ಕಾರಣ ಇಲ್ಲ. ಫೆಬ್ರವರಿಯಿಂದ ಏಪ್ರಿಲ್ ತನಕ ಆ ಜಾಗ ಬರಿದಾಗಿ ಕಾಣುತ್ತದೆ, ಅದೊಂದನ್ನು ಸಹಿಸಿಕೊಳ್ಳಬೇಕು.

ಪ್ರಶ್ನೆ: ಮೊದಲ ವರ್ಷ ಗುಲಾಬಿಯಂತೆ ಒತ್ತಾದ ಎಸಳು ಬಂತು. ಮೂರನೇ ವರ್ಷಕ್ಕೆ ಸಾದಾ ಹೂವಾಯಿತು. ಗೊಬ್ಬರ ಸಾಲದಾಯಿತೇ?
(ಜಯನಗರದ ಓದುಗರು)

ಉತ್ತರ: ಗೊಬ್ಬರಕ್ಕೂ ಇದಕ್ಕೂ ಸಂಬಂಧವಿಲ್ಲ. ನಿಮ್ಮ ಪಾತಿಯಲ್ಲೋ ಪಕ್ಕದ ಮನೆಯಲ್ಲೋ ಒಂದೆರಡು ಸಾದಾ ಗಿಡ ಇದ್ದಿರಬೇಕು. ಈ ಹೂವಿನಲ್ಲಿ ಮೊದಲು ಪರಾಗದ ಟೋಪಿ ಇರುತ್ತದೆ, ಅದು ಉದುರಿದ ಮೇಲೆ ಒಳಗಿನ ಹೆಣ್ಣು ಭಾಗ ಹೊರಗೆ ಕಾಣುತ್ತದೆ. ಅಂದರೆ ತನ್ನದೇ ಹೂವಿನ ಪರಾಗ ಸಿಗುವುದು ಕಷ್ಟ, ಜೇನು ಬೇರೆ ಹೂವಿನಿಂದ ತಂದು ಕೊಡಬೇಕು. ಜೇನಿಗೆ ಸಾದಾ ಹೂವೇ ಸಲೀಸು. ಅದು ಬೀಜವನ್ನೂ ಹೆಚ್ಚು ಕಟ್ಟುತ್ತದೆ. ಹಾಗಾಗಿ ವರ್ಷ ಕಳೆದ ಹಾಗೆ ಸಾದಾ ಗಿಡಗಳೇ ಗೆಲ್ಲುತ್ತವೆ. ಒತ್ತೆಸಳೇ ಬೇಕಾದರೆ ಸಾದಾ ಹೂ ಬಿಟ್ಟ ಗಿಡವನ್ನು ಕಾಯಿ ಕಟ್ಟುವ ಮೊದಲೇ ತೆಗೆಯಬೇಕು. ನಾನು ತೆಗೆಯುವುದಿಲ್ಲ. ಓಲೆಯ ಕೊಂಡಿ ಚೆನ್ನಾಗಿ ಕಾಣುವುದು ಸಾದಾ ಹೂವಿನಲ್ಲೇ.

ಪ್ರಶ್ನೆ: ಈ ಹೂ ಅರೆದು ಉಗುರಿಗೆ ಹಚ್ಚಿದರೆ ಬಣ್ಣ ಬರುತ್ತಾ? ಕೊರಿಯನ್ ಸೀರಿಯಲ್‌ನಲ್ಲಿ ನೋಡಿದೆ.
(ಬಿಟಿಎಂ ಲೇಔಟಿನ ಪಿಜಿಯಿಂದ)

ಉತ್ತರ: ಬರುತ್ತದೆ. ಕೊರಿಯಾದಲ್ಲಿ ಹಳೆಯ ಪದ್ಧತಿ ಅದು. ನಮ್ಮ ಗೋರಂಟಿಯಲ್ಲಿರುವ ಲಾಸೋನ್ ಎಂಬ ಬಣ್ಣದ ಅಂಶ ಇದರಲ್ಲೂ ಇದೆ. ಹೂವು, ಎಲೆ ಎರಡನ್ನೂ ಅರೆದು, ಚಿಟಿಕೆ ಪಟಿಕದ ಪುಡಿ ಸೇರಿಸಿ, ಉಗುರಿನ ಮೇಲಿಟ್ಟು ರಾತ್ರಿ ಕಟ್ಟಿ ಮಲಗಿ. ಮಾಸಲು ಕಿತ್ತಳೆ ಬರುತ್ತದೆ. ದಿಂಬಿನ ಕವರಿಗೂ ಬರುತ್ತದೆ, ಹಳೆಯದು ಹಾಕಿಕೊಳ್ಳಿ. ಮೊದಲು ಒಂದೇ ಬೆರಳಿಗೆ ಹಚ್ಚಿ ನೋಡಿ, ಉರಿ ಕಂಡರೆ ತೊಳೆದುಬಿಡಿ.

ಪ್ರಶ್ನೆ: ಇಷ್ಟೆಲ್ಲ ಹೇಳುತ್ತೀರಿ, ಒಂದು ಹಿಡಿ ಬೀಜ ಕಳಿಸಬಹುದಲ್ಲಾ?
(ಹೆಸರು, ಊರು ಬರೆದಿಲ್ಲ)

ಉತ್ತರ: ವಿಳಾಸ ಬರೆಯದೆ ಬೀಜ ಕೇಳಿದವರು ನೀವೇ ಮೊದಲು! ಎಲ್ಲರಿಗೂ ಅಂಚೆಯಲ್ಲಿ ಕಳಿಸುವಷ್ಟು ನನ್ನ ಐದಡಿ ಪಾತಿ ಕೊಡುವುದಿಲ್ಲ. ಲಾಲ್‌ಬಾಗ್ ಸುತ್ತಮುತ್ತಲಿನ ನರ್ಸರಿಗಳಲ್ಲಿ, ಸಿದ್ದಾಪುರದ ಕಡೆ, ಮಳೆಗಾಲದ ಶುರುವಿನಲ್ಲಿ ಬಾಲ್ಸಮ್ ಬೀಜ ಕೇಳಿ. ಅದಕ್ಕಿಂತ ಒಳ್ಳೆಯ ದಾರಿ, ಅಕ್ಟೋಬರಿನಲ್ಲಿ ನಿಮ್ಮ ಬೀದಿಯಲ್ಲೇ ಒಂದು ಸುತ್ತು ಹಾಕಿ. ಯಾವುದಾದರೂ ಹಳೆ ಮನೆಯ ಗೇಟಿನ ಪಕ್ಕ, ಹಾಲಿನ ಬೂತಿನ ಹಿಂದೆ, ದೇವಸ್ಥಾನದ ಕೈಕಾಲು ತೊಳೆಯುವ ನಲ್ಲಿಯ ಹತ್ತಿರ ಇದು ಇದ್ದೇ ಇರುತ್ತದೆ. ಮನೆಯವರನ್ನು ಕೇಳಿ, ಅಂಗೈಯನ್ನು ಕಾಯಿಯ ಸುತ್ತ ಬೊಗಸೆ ಮಾಡಿ ಹಿಡಿದು ಮೆಲ್ಲಗೆ ಮುಟ್ಟಿ. ನಾಲ್ಕು ಕಾಯಿ ಸಾಕು. ಸಿಡಿದಾಗ ಕೈ ಬೆಚ್ಚಿ ಬಿಡಬೇಡಿ, ಮೊದಲ ಸಲ ಎಲ್ಲರೂ ಬಿಡುತ್ತಾರೆ.